ಗಂಟಿನೊಳಗಿನ ಗಟ್ಟಿ ಭಾಗ
ಕೋಲಾರದಲ್ಲಿ ಸಿಟಿ ಸ್ಕ್ಯಾನ್ ಓದುವುದು ನನ್ನ ಕೆಲಸ. ಶ್ವಾಸಕೋಶದಲ್ಲಿ ಹಳೇ ಟಿಬಿ ಕಲೆಗಳು ಇಲ್ಲಿ ಮಾಮೂಲು. ಕೆಜಿಎಫ್ ಗಣಿಯಲ್ಲಿ ದುಡಿದ ಹಿರಿಯರು ಬಂದರೆ ಕಲ್ಲುಧೂಳಿನ ಗಂಟುಗಳೂ ಸಿಗುತ್ತವೆ. ಹಾಗಾಗಿ ಗಂಟು ಕಂಡ ಕೂಡಲೇ ಕ್ಯಾನ್ಸರ್ ಅನ್ನೋ ಹಾಗಿಲ್ಲ. ಟಿಬಿ ಇರಬಹುದು ಅಂತ ಸುಮ್ನೆ ಮಾತ್ರೆ ಕೊಟ್ಟು ಕಳಿಸೋ ಹಾಗೂ ಇಲ್ಲ.

"ಎಷ್ಟು ದೊಡ್ಡದಿದೆ ಡಾಕ್ಟ್ರೇ?" ಎಲ್ಲರೂ ಕೇಳುವುದು ಇದನ್ನೇ. ನಾನು ಮೊದಲು ನೋಡುವುದು ಬೇರೆ. ಗ್ರೌಂಡ್ ಗ್ಲಾಸ್ ಗಂಟು ಉಜ್ಜಿದ ಗಾಜಿನ ಹಾಗೆ ಮಬ್ಬಾಗಿರುತ್ತದೆ, ಅದರೊಳಗೆ ರಕ್ತನಾಳಗಳು ಕಾಣುತ್ತಲೇ ಇರುತ್ತವೆ. ಅವು ಮರೆಯಾಗುವಷ್ಟು ಬೆಳ್ಳಗೆ, ಗಟ್ಟಿಯಾಗಿ ಎಲ್ಲಾದರೂ ಇದೆಯಾ? ಇಂಥ ಮಬ್ಬು ಗಂಟಾಗಿ ಕಾಣುವ ಕ್ಯಾನ್ಸರ್ ಶುರುವಿನಲ್ಲಿ ಗಾಳಿಗೂಡುಗಳ ಗೋಡೆ ಹಿಡಿದು ಹಬ್ಬುತ್ತದೆ, ಆಗ ಮಬ್ಬಷ್ಟೇ. ಒಳಗೆ ನುಗ್ಗಿದ ಜಾಗ ಸಾಮಾನ್ಯವಾಗಿ ಗಟ್ಟಿಯಾಗಿ ಕಾಣುತ್ತದೆ. ಟಿಎನ್‌ಎಂ (ಕ್ಯಾನ್ಸರ್ ಹಂತ ಗುರುತಿಸುವ ಪದ್ಧತಿ) ಎಂಟನೇ ಆವೃತ್ತಿ ಬಂದ ಮೇಲೆ ಇಂಥ ಗಂಟಿನ ಹಂತ ನಿರ್ಧರಿಸುವುದೂ ಗಟ್ಟಿ ಭಾಗದ ಅಳತೆಯಿಂದಲೇ.

ಬೀಡಿ ಮುಟ್ಟದ ಒಬ್ಬ ಅಮ್ಮ ಹೊರಗಡೆ ಮಾಡಿಸಿದ ಸ್ಕ್ಯಾನ್ ತಂದಿದ್ದರು. ಚಿತ್ರದ ಒಂದೊಂದು ಪದರ, ಅಂದರೆ ಸ್ಲೈಸು, 5 ಮಿ.ಮೀ. ದಪ್ಪ; ಬರೀ ಮಸುಕು. ದಪ್ಪ ಸ್ಲೈಸಿನಲ್ಲಿ ಚಿಕ್ಕ ಗಟ್ಟಿ ಚುಕ್ಕೆ ಸುತ್ತಲಿನ ಗಾಳಿಯ ಜೊತೆ ಬೆರೆತು ಕಳೆದುಹೋಗುತ್ತದೆ. ನಮ್ಮಲ್ಲಿ 1 ಮಿ.ಮೀ. ಸ್ಲೈಸಿನಲ್ಲಿ ಮತ್ತೆ ತೆಗೆದೆವು. ಟೇಬಲ್ ಮೇಲೆ ಮಲಗಿಸುವ ಮುಂಚೆಯೇ ಉಸಿರು ಬಿಗಿ ಹಿಡಿಯುವುದನ್ನು ತೆಲುಗಿನಲ್ಲಿ ಹೇಳಿ ಅಭ್ಯಾಸ ಮಾಡಿಸಿದೆವು. ಉಸಿರು ಅಲುಗಿದರೆ ಎಂಥಾ ಮೆಷಿನ್ ಇದ್ದೂ ದಂಡ. ಒಟ್ಟು 16 ಮಿ.ಮೀ., ಅದರಲ್ಲಿ ಗಟ್ಟಿ ಭಾಗ 4.

ಮೂರು ತಿಂಗಳು ಬಿಟ್ಟು ಅದೇ ಸೆಟ್ಟಿಂಗ್‌ನಲ್ಲಿ ಮತ್ತೆ ನೋಡಿದೆವು. ಸೋಂಕಾಗಿದ್ದರೆ ಕರಗಬೇಕಿತ್ತು ಅಲ್ವಾ? ಹಾಗೇ ಕೂತಿತ್ತು. ಬೆಂಗಳೂರಿಗೆ ಕಳಿಸಿದೆ. ಆಪರೇಷನ್ ಆಯಿತು. ಒಳನುಗ್ಗಿದ ಭಾಗ 3 ಮಿ.ಮೀ. ಅಂತ ಪ್ಯಾಥಾಲಜಿ ರಿಪೋರ್ಟ್ ಬಂತು. 5 ದಾಟಿಲ್ಲ, ಹಾಗಾಗಿ ಮಿನಿಮಲಿ ಇನ್ವೇಸಿವ್, ಅಂದರೆ ಸ್ವಲ್ಪವೇ ಒಳನುಗ್ಗಿದ ಕ್ಯಾನ್ಸರ್. ನನ್ನ 4ಕ್ಕೂ ಅವರ 3ಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಕಲೆಗಟ್ಟಿದ ಜಾಗ, ಕುಸಿದ ಗಾಳಿಗೂಡು ಕೂಡ ಸ್ಕ್ಯಾನಿನಲ್ಲಿ ಗಟ್ಟಿಯಾಗಿಯೇ ಕಾಣುತ್ತವೆ. ಅದಕ್ಕೇ ರಿಪೋರ್ಟಿನಲ್ಲಿ "ಇನ್ವೇಸಿವ್" ಅಂತ ಖಡಾಖಂಡಿತ ಬರೆಯುವುದಿಲ್ಲ.

ಡ್ಯುಯಲ್ ಎನರ್ಜಿ (ಎರಡು ಶಕ್ತಿಮಟ್ಟದ ಎಕ್ಸ್ ರೇ ಬಳಸುವ ಸಿಟಿ), ಎಐ ಅಂತ ಈಗ ಬೇಕಾದಷ್ಟು ಬಂದಿವೆ. ಇದ್ದರೆ ಒಳ್ಳೇದೇ. ಆದರೆ ತೆಳು ಸ್ಲೈಸ್ ಇಲ್ಲದೆ ಅವೂ ಏನೂ ಮಾಡಲಾರವು. ಸಕ್ಕರೆ ಹೆಚ್ಚು ಹೀರುವ ಜಾಗ ಹೊಳೆಯುವ ಪೆಟ್ ಸ್ಕ್ಯಾನ್ ಕ್ಲೀನ್ ಬಂತು ಅಂತ ನಿಶ್ಚಿಂತೆಯಿಂದ ಇರುವವರಿಗೂ ಒಂದು ಮಾತು: ಮಬ್ಬು ಗಂಟುಗಳು ಅದರಲ್ಲಿ ಹೊಳೆಯದೇ ಹೋಗಬಹುದು.

ಗಟ್ಟಿ ಭಾಗವೇ ಇಲ್ಲದ, 6 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ಮಬ್ಬು ಗಂಟಾದರೆ ಕತ್ತರಿಗೆ ಅವಸರ ಬೇಡ. 6ರಿಂದ 12 ತಿಂಗಳೊಳಗೆ ಒಂದು ಸ್ಕ್ಯಾನ್, ಆಮೇಲೆ ಎರಡು ವರ್ಷಕ್ಕೊಮ್ಮೆ, ಐದು ವರ್ಷದವರೆಗೆ. ಪ್ರತಿ ಸಲ ಹಳೇ ಸಿ.ಡಿ. ತನ್ನಿ. ಫಿಲ್ಮ್ ಮೇಲೆ ಮಿಲಿಮೀಟರ್ ಲೆಕ್ಕ ಹಾಕೋಕಾಗಲ್ಲ.