ಕಾರಿನ ಸ್ಟೀರಿಯೊ ಕೈಕೊಟ್ಟಿತಾ? ಹೊಸ ಸೆಟ್ ಕೊಳ್ಳುವ ಮೊದಲು ವೈರ್ ನೋಡಿ

ಹುಬ್ಬಳ್ಳಿಯಿಂದ ಗದಗಿನ ಕಡೆ ಹೊರಟಿರುತ್ತೀರಿ. ಅಣ್ಣಿಗೇರಿ ಹತ್ತಿರ ಗಾಡಿ ಒಂದು ಗುಂಡಿಗೆ ಇಳಿದದ್ದೇ ತಡ, ಹಾಡು ಬಂದ್. ಮುಂದಿನ ಗುಂಡಿಗೆ ಮತ್ತೆ ಚಾಲು. ಇಂಥ ಸೆಟ್ಟನ್ನು ಕೆಟ್ಟಿತು ಅಂತ ಕಿತ್ತು ಹಾಕಬೇಡಿ. ಬಂದು ಹೋಗುವ ತೊಂದರೆ ಹೆಚ್ಚಾಗಿ ಸೆಟ್ಟಿನದ್ದಲ್ಲ, ವೈರಿನದ್ದು. ವೋಲ್ಟ್ ಅಳೆಯುವ ಒಂದು ಸಾದಾ ಮಲ್ಟಿಮೀಟರ್ ಇದ್ದರೆ ಮನೆ ಮುಂದೆಯೇ ಪತ್ತೆ ಮಾಡಬಹುದು.

ಮೊದಲು ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.4ರಿಂದ 12.7 ವೋಲ್ಟ್ ಇರಬೇಕು. ಎಂಜಿನ್ ಚಾಲು ಇದ್ದಾಗ ಸುಮಾರು 13.5ರಿಂದ 14.5. ಇಲ್ಲೇ ಕಡಿಮೆ ಇದ್ದರೆ ಸ್ಟೀರಿಯೊ ಬಿಡಿ, ಬ್ಯಾಟರಿ ಮತ್ತು ಚಾರ್ಜಿಂಗ್ ನೋಡಿಸಿ.

ಆಮೇಲೆ ಫ್ಯೂಸ್. ಒಂದು ಗಾಡಿಯ ಫ್ಯೂಸ್ ಬಾಕ್ಸಿನಲ್ಲಿ, ಇನ್ನೊಂದು ಸಾಮಾನ್ಯವಾಗಿ ಸೆಟ್ಟಿನ ಬೆನ್ನಿಗೇ ಇರುತ್ತದೆ. ಕೆಂಪು ಫ್ಯೂಸ್ 10 ಆಂಪಿಯರ್, ನೀಲಿ 15. ಹಾರಿದ್ದರೆ ಅಷ್ಟೇ ಆಂಪಿಯರಿನದ್ದು ಹಾಕಿ. ಹಾಕಿದ ಕೂಡಲೇ ಮತ್ತೆ ಹಾರಿದರೆ ಎಲ್ಲೋ ಶಾರ್ಟ್ ಆಗಿದೆ ಎಂದರ್ಥ. ಆಗ ದೊಡ್ಡ ಫ್ಯೂಸೋ, ತಾಮ್ರದ ಎಳೆಯೋ ಹಾಕುವುದು ಬೇಡವೇ ಬೇಡ. ಫ್ಯೂಸ್ ಹಾರದಿದ್ದರೆ ಡ್ಯಾಶ್‌ಬೋರ್ಡಿನ ಒಳಗೆ ವೈರೇ ಕಾದು ಕರಗುತ್ತದೆ, ಬೆಂಕಿ ಹತ್ತಲು ಅಷ್ಟು ಸಾಕು.

ಈಗ ಸೆಟ್ ಹೊರಗೆ ಎಳೆಯಿರಿ. ಹೊರಗಿನಿಂದ ತಂದು ಕೂರಿಸಿದ ಸೆಟ್ಟಿನಲ್ಲಿ ಸಾಮಾನ್ಯವಾಗಿ ಹಳದಿ ವೈರಿಗೆ ಸದಾ ಕರೆಂಟ್, ಕೆಂಪಿಗೆ ಚಾವಿ ತಿರುಗಿಸಿದಾಗ ಮಾತ್ರ, ಕಪ್ಪು ಅರ್ಥ್, ಅಂದರೆ ಕರೆಂಟ್ ವಾಪಸ್ ಹೋಗಲು ಗಾಡಿಯ ತಗಡಿಗೆ ಬಿಗಿಯುವ ವೈರ್. ಕಂಪನಿ ಸೆಟ್ಟಿನ ಬಣ್ಣ ಬೇರೆ ಇರುತ್ತದೆ, ಅಲ್ಲಿ ಬಣ್ಣ ನಂಬಬೇಡಿ. ಪ್ರತಿ ಸಲ ಗಡಿಯಾರ, ಸ್ಟೇಷನ್ ಎಲ್ಲ ಅಳಿಸಿ ಹೋಗುತ್ತಿದ್ದರೆ ಹಳದಿಗೆ ಕರೆಂಟ್ ಇಲ್ಲ, ಇಲ್ಲವೇ ಹಳದಿ ಕೆಂಪು ಅದಲು ಬದಲಾಗಿವೆ. ಚಾವಿ ತೆಗೆದರೂ ಸೆಟ್ ಆಫ್ ಆಗುತ್ತಿಲ್ವಾ? ಎರಡನ್ನೂ ಸೇರಿಸಿ ಸುತ್ತಿರುತ್ತಾರೆ. ಗಾಡಿ ನಾಲ್ಕು ದಿನ ನಿಂತರೆ ಬ್ಯಾಟರಿ ಇಳಿಯುವುದು ಇದರಿಂದಲೇ.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಅರ್ಥ್. ಧಾರವಾಡದ ಜಡಿಮಳೆಯಲ್ಲಿ ಒಳಗೆ ತೇವ ಕೂತು ಅರ್ಥ್ ಬೋಲ್ಟಿಗೆ ತುಕ್ಕು ಹಿಡಿಯುತ್ತದೆ. ಕೆಲವೊಮ್ಮೆ ಫಿಟ್ ಮಾಡಿದವರು ಪೇಂಟ್ ಮೇಲೆಯೇ ಬಿಗಿದಿರುತ್ತಾರೆ. ಸೆಟ್ ಆಫ್ ಇದ್ದಾಗ ಮೀಟರ್ ಹಿಡಿದರೆ ಎಲ್ಲ ಸರಿಯಿದೆ ಅಂತಲೇ ತೋರಿಸಬಹುದು. ಹಾಗಾಗಿ ಸೆಟ್ ಹಚ್ಚಿ, ವಾಲ್ಯೂಮ್ ಏರಿಸಿ ನೋಡಬೇಕು. ಮೀಟರಿನ ಒಂದು ಕಡ್ಡಿ ಸೆಟ್ಟಿನ ಕಪ್ಪು ವೈರಿಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ. ವೈರ್ ಮುಟ್ಟದಿದ್ದರೆ ಉದ್ದನೆಯ ತುಂಡು ಸೇರಿಸಿಕೊಳ್ಳಿ. ಸೊನ್ನೆಯ ಹತ್ತಿರ ಇದ್ದರೆ ಒಳ್ಳೆಯದು. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಕಳ್ಳ ಸಿಕ್ಕ. ಬೋಲ್ಟ್ ಬಿಚ್ಚಿ, ತಗಡು ಹೊಳೆಯುವವರೆಗೆ ಪಾಲಿಶ್ ಪೇಪರಿನಿಂದ ಉಜ್ಜಿ, ವೈರಿನ ತುದಿಗೆ ರಿಂಗ್ ಹಾಕಿ ಬಿಗಿಯಿರಿ. ಬರೀ ಟೇಪ್ ಸುತ್ತಿದ ಜಾಯಿಂಟ್ ಕಂಡರೆ ಅದನ್ನೂ ಬಿಚ್ಚಿ ಬೆಸುಗೆ ಹಾಕಿಸಿ. ಗುಂಡಿಗೆ ಹಾಡು ನಿಲ್ಲುವುದು ಇಂಥ ಕಡೆಗಳಿಂದಲೇ.

ಲೈಟ್ ಇದೆ, ಸದ್ದಿಲ್ಲ ಅಂದರೆ ಸ್ಪೀಕರ್ ವೈರ್ ನೋಡಿ. ಬಾಗಿಲು ತೆಗೆದು ಹಾಕುವ ಕೀಲಿನ ಬಳಿ ವೈರ್ ಸವೆದು ಗಾಡಿಯ ತಗಡಿಗೆ ತಾಗಿದರೆ ಸೆಟ್ ತಾನೇ ಸದ್ದು ನಿಲ್ಲಿಸಿಕೊಳ್ಳುತ್ತದೆ. ಒಂದೊಂದೇ ಸ್ಪೀಕರ್ ಬಿಚ್ಚುತ್ತ ಹೋಗಿ. ಯಾವುದನ್ನು ಬಿಚ್ಚಿದಾಗ ಉಳಿದವು ಹಾಡಿದವೋ ತೊಂದರೆ ಅಲ್ಲಿದೆ.

ಮೊಬೈಲ್ ಹಾಡು ಚೆಂದ ಬಂದು ರೇಡಿಯೊ ಮಾತ್ರ ಗರಗರ ಅಂದರೆ ಆಂಟೆನಾದ ಪ್ಲಗ್ ನೋಡಿ. ಆಂಟೆನಾಕ್ಕೆ ಬೂಸ್ಟರ್ ಇದ್ದರೆ ಸೆಟ್ಟಿನ ನೀಲಿ ವೈರಿನಿಂದ ಅದಕ್ಕೆ ಕರೆಂಟ್ ಹೋಗಬೇಕು. ಸೆಟ್ ಬದಲಿಸುವಾಗ ಈ ವೈರನ್ನು ಸುಮ್ನೆ ಬಿಟ್ಟುಬಿಡುವುದು ಮಾಮೂಲು.

ಸ್ಟೇರಿಂಗ್ ಕೆಳಗಿನ ಹಳದಿ ಕಪ್ಲರಿಗೆ ಮಾತ್ರ ಮೀಟರ್ ಚುಚ್ಚಬೇಡಿ. ಅದು ಏರ್‌ಬ್ಯಾಗಿನದು, ಬಲೂನು ಮುಖಕ್ಕೇ ಸಿಡಿಯಬಹುದು. ಅಲ್ಲಿ ಕೆಲಸ ಬಿದ್ದರೆ ತಿಳಿದ ಎಲೆಕ್ಟ್ರಿಷಿಯನ್ ಹತ್ತಿರ ಒಯ್ಯಿರಿ.