ನಾಯಿ ಜೊತೆ ಬಾಡಿಗೆ ಮನೆಗೆ ಹೋಗುವ ಮುಂಚೆ

"ನಾಯಿ ತಾನೇ, ಪರವಾಗಿಲ್ಲ ಬಿಡಿ" ಅಂತ ಓನರ್ ಬಾಯಿಮಾತಲ್ಲಿ ಹೇಳಿದ್ದನ್ನು ನಂಬಿ ಬನಶಂಕರಿಯ ಮನೆಯಲ್ಲಿ ಎರಡು ವರ್ಷ ಇದ್ದೆ. ಖಾಲಿ ಮಾಡುವ ದಿನ ಅವರು ಅಗ್ರಿಮೆಂಟಿನ ಕೊನೆಯ ಪುಟ ತೋರಿಸಿದರು. ಸಾಕುಪ್ರಾಣಿ ಇಡುವಂತಿಲ್ಲ ಎಂಬ ಸಾಲು ಅಲ್ಲಿತ್ತು. ಬಾಗಿಲ ಪಾಲಿಶ್‌ಗೆ ಅಂತ ಅಡ್ವಾನ್ಸಿನಲ್ಲಿ 35,000 ರೂಪಾಯಿ ಹಿಡಿದರು. ಬಾಗಿಲು ಕೆರೆದದ್ದು ನಮ್ಮ ಚಿನ್ನಿಯೇ, ನಿಜ. ಆದರೆ ಕೆರೆದದ್ದು ಕೆಳಗಿನ ಒಂದು ಗೇಣು ಜಾಗ, ಅಷ್ಟೇ.

ಬೆಂಗಳೂರಿನಲ್ಲಿ 11 ತಿಂಗಳ ಅಗ್ರಿಮೆಂಟನ್ನು ಟೈಪಿಂಗ್ ಅಂಗಡಿಯವರು ಎಷ್ಟೋ ಸಲ ಹಳೇ ಫೈಲಿನಿಂದಲೇ ತೆಗೆಯುತ್ತಾರೆ. ಓನರ್ ಕೇಳದಿದ್ದರೂ ಆ ಸಾಲು ಬಂದು ಕೂತಿರುತ್ತದೆ. ಆದ್ದರಿಂದ ಪ್ರಿಂಟ್ ಹಾಕಿಸುವ ಮುಂಚೆಯೇ ಡ್ರಾಫ್ಟ್ ತರಿಸಿಕೊಂಡು ಓದಿ. ಆ ಸಾಲು ತೆಗೆಸಿದರೆ ಸಾಲದು, ಅದರ ಜಾಗದಲ್ಲಿ ಇನ್ನೊಂದು ಬರೆಸಿ. ನಾನು ಈಗಿನ ಮನೆಗೆ ಬರೆಸಿದ್ದು ಹೀಗೆ: "ಬಾಡಿಗೆದಾರರು ಒಂದು ನಾಯಿಯನ್ನು ಸಾಕಲು ಮಾಲೀಕರ ಒಪ್ಪಿಗೆ ಇದೆ. ನಾಯಿಯಿಂದ ಆದ ಹಾನಿಯ ರಿಪೇರಿ ಖರ್ಚನ್ನು ಬಿಲ್ ಪ್ರಕಾರ ಬಾಡಿಗೆದಾರರು ಕೊಡತಕ್ಕದ್ದು." 'ಬಿಲ್ ಪ್ರಕಾರ' ಅನ್ನೋದನ್ನು ಮಾತ್ರ ಬಿಡಬೇಡಿ.

ಸಾಮಾನು ಇಳಿಸುವ ಮುಂಚೆ ಫೋಟೋ ತೆಗೆಯಿರಿ. ಬಾಗಿಲುಗಳ ಕೆಳಭಾಗ, ಸೊಳ್ಳೆ ಜಾಲರಿ, ವಾರ್ಡ್‌ರೋಬಿನ ಅಂಚು. ಅದೇ ದಿನ ಓನರ್‌ಗೆ ವಾಟ್ಸಾಪ್ ಮಾಡಿ. ರೇಬೀಸ್ ಲಸಿಕೆ ಕಾರ್ಡಿನ ಪ್ರತಿಯನ್ನೂ ಕೊಡಿ, ಅವರಿಗೂ ಧೈರ್ಯ ಬರುತ್ತದೆ.

ಅಪಾರ್ಟ್‌ಮೆಂಟಾದರೆ ಅಸೋಸಿಯೇಷನ್ ಮಾತೇ ಬೇರೆ. ಬಹುಮತ ಇದ್ದರೂ ನಾಯಿ ಸಾಕುವುದನ್ನು ಅವರು ನಿಷೇಧಿಸುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಆದರೆ ನೀವೇ ಸಹಿ ಹಾಕಿದ ಅಗ್ರಿಮೆಂಟಿಗೆ ಅದನ್ನು ಅಡ್ಡ ಹಿಡಿದು ಕೂರಬೇಡಿ.

ನಮ್ಮ ಕಡೆಯ ಕೆಲಸವೂ ಇದೆ, ಅಲ್ವಾ? ಲಿಫ್ಟಿನಲ್ಲಿ ಬೆಲ್ಟ್ ಗಿಡ್ಡ ಹಿಡಿಯಿರಿ. ಕಕ್ಕ ಎತ್ತಲು ಜೇಬಲ್ಲಿ ಪೇಪರ್ ಇರಲಿ. ಉಚ್ಚೆ ಮಾಡಿದರೆ ತಕ್ಷಣ ಬಟ್ಟೆಯಿಂದ ಹೀರಿಸಿ. ಮಾರ್ಬಲ್ ನೆಲಕ್ಕೆ ವಿನೆಗರ್, ನಿಂಬೆಹಣ್ಣು ಹಾಕಲೇಬೇಡಿ. ಹುಳಿ ತಾಗಿದರೆ ಕಲ್ಲಿನ ಹೊಳಪು ಹೋಗಿ ಬಿಳಿ ಕಲೆ ಉಳಿಯುತ್ತದೆ, ಆ ಖರ್ಚೂ ನಿಮ್ಮ ತಲೆಗೇ. ಚಿನ್ನಿ ಕೆರೆಯುವ ಬಾಗಿಲಿಗೆ ನಾನು ಮೊಣಕಾಲೆತ್ತರ ದಪ್ಪ ಪ್ಲಾಸ್ಟಿಕ್ ಶೀಟ್ ಅಂಟಿಸಿದ್ದೇನೆ. ಎರಡು ವರ್ಷವಾಯ್ತು, ಮರಕ್ಕೆ ಒಂದು ಗೀರೂ ಇಲ್ಲ.

11 ತಿಂಗಳಾದ ಮೇಲೆ ಅಗ್ರಿಮೆಂಟ್ ಹೊಸದು ಮಾಡಿಸುವಾಗ ಮತ್ತೆ ಪೂರ್ತಿ ಓದಿ. ಕಳೆದ ಸಲ ನಮ್ಮದರಲ್ಲಿ ಆ ಹಳೇ ಸಾಲು ವಾಪಸ್ ಬಂದಿತ್ತು.