ಹಳೆಯ ಮಿಲಿಟರಿ ಗಾಡಿಗೆ ಬ್ರೇಕ್ ಹಿಡಿಸಿದ್ದು

ಸಾಸವಡದಿಂದ ಪುಣೆಗೆ ದಿವೇ ಘಾಟ್ ಇಳಿಯುತ್ತಿದ್ದೆ. ಎರಡನೇ ಗೇರು, ಹಿಂದೆ ಎಂಟು ಕ್ವಿಂಟಲ್ ಕೆಂಪು ಮಣ್ಣು. ಒಂದು ತಿರುವಿನಲ್ಲಿ ಸೀಟು ಬಿಟ್ಟೆದ್ದು ಪೆಡಲ್ ಮೇಲೆ ಪೂರ್ತಿ ಭಾರ ಹಾಕಿ ನಿಂತರೂ ಗಾಡಿ ತನ್ನ ಪಾಡಿಗೆ ಜಾರುತ್ತಲೇ ಇತ್ತು. ಮೊದಲನೇ ಗೇರಿಗೆ ತಳ್ಳಿ ಹೇಗೋ ಕೆಳಗೆ ಮುಟ್ಟಿದೆ. ಮರುದಿನದಿಂದ ಎರಡು ತಿಂಗಳು ಗಾಡಿ ಶೆಡ್ಡಿನಲ್ಲೇ ನಿಂತಿತು.

ಗಾಡಿ ನಿಸ್ಸಾನ್ ಒಂದು ಟನ್ನಿನದು. ಜಬಲ್ಪುರದ ವೆಹಿಕಲ್ ಫ್ಯಾಕ್ಟರಿಯಲ್ಲಿ ನಿಸ್ಸಾನ್ ಪರವಾನಗಿಯ ಮೇಲೆ ಸೈನ್ಯಕ್ಕಾಗಿ ತಯಾರಾಗುತ್ತಿದ್ದದ್ದು. ಹರಾಜಿನಲ್ಲಿ ಹಿಡಿದವರಿಂದ ಮೂರನೇ ಕೈಯಾಗಿ ನನಗೆ ಬಂತು. ಅಷ್ಟರಲ್ಲಿ ಯಾರೋ ಪೆಟ್ರೋಲ್ ಎಂಜಿನ್ ಕಿತ್ತು ಹಳೆಯ ಟಾಟಾ 407ರ ಡೀಸೆಲ್ ಎಂಜಿನ್ ಕೂರಿಸಿದ್ದರು. ಸಮಸ್ಯೆಯ ಅರ್ಧ ಅಲ್ಲೇ ಇತ್ತು. ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಮ್ಯಾನಿಫೋಲ್ಡ್‌ನಲ್ಲಿ ಹುಟ್ಟುವ ನಿರ್ವಾತದಿಂದಲೇ ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಬ್ರೇಕ್ ಬೂಸ್ಟರ್ ಕೆಲಸ ಮಾಡುತ್ತದೆ. ಡೀಸೆಲ್ ಎಂಜಿನ್ನಿಗೆ ಗಾಳಿ ತಡೆಯುವ ಥ್ರಾಟಲ್ ಇಲ್ಲ, ಹಾಗಾಗಿ ಆ ನಿರ್ವಾತವೂ ಇಲ್ಲ. ಅದಕ್ಕೆ ಪ್ರತ್ಯೇಕ ಪಂಪ್ ಬೇಕು. ಎಂಜಿನ್ ಬದಲಿಸಿದ ಮಹಾನುಭಾವರು ಪಂಪ್ ಇಲ್ಲದ, ಬರೀ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹಾಕಿ, ಬೂಸ್ಟರಿನ ಕೊಳವೆಯ ಬಾಯಿಗೆ ಒಂದು ಬೋಲ್ಟ್ ತುರುಕಿ ಕ್ಲಿಪ್ ಬಿಗಿದಿದ್ದರು. ಇಷ್ಟು ದಿನ ನಾನು ಬರೀ ಕಾಲಿನ ಬಲದಿಂದ ಗಾಡಿ ನಿಲ್ಲಿಸುತ್ತಿದ್ದೆ.

ಭೋಸರಿಯಲ್ಲಿ ನನ್ನ ಜೊತೆ ಲೇತ್ ಮೇಲೆ ಕೆಲಸ ಮಾಡುವವರೆಲ್ಲ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಬ್ರೇಕ್ ಹಾಕು ಎಂದರು. ನಾನು ಒಪ್ಪಲಿಲ್ಲ. ಈ ಗಾತ್ರದ ಡ್ರಮ್ ಸರಿಯಾಗಿದ್ದರೆ ಚಕ್ರವನ್ನು ಕಟ್ಟಿ ನಿಲ್ಲಿಸುತ್ತದೆ. ಸರಿಯಾಗಿದೆಯೇ ಎಂದು ಬಿಚ್ಚಿ ನೋಡದೆ ಬೇರೆಯದನ್ನು ಹಾಕುವುದು ಯಾವ ಬುದ್ಧಿವಂತಿಕೆ?

ಬಿಚ್ಚುವ ಮೊದಲ ದಿನವೇ ಎಡವಟ್ಟಾಯಿತು. ಈ ಗಾಡಿಯ ಹ್ಯಾಂಡ್‌ಬ್ರೇಕ್ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ, ಎಂಜಿನ್ನಿನ ತಿರುವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಮೇಲಿದೆ. ಹಿಂದಿನ ಒಂದು ಚಕ್ರ ನೆಲ ಬಿಟ್ಟ ಕೂಡಲೇ ಎರಡು ಚಕ್ರಗಳ ನಡುವಿನ ಡಿಫರೆನ್ಷಿಯಲ್ ಆ ಚಕ್ರವನ್ನು ಉಲ್ಟಾ ತಿರುಗಲು ಬಿಟ್ಟು, ನೆಲದ ಮೇಲಿರುವುದನ್ನು ಉರುಳಿಸುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಗಾಡಿ ಒಂದು ಗೇಣು ಸರಿದು ಜ್ಯಾಕ್ ಓರೆಯಾಯಿತು. ಅಕ್ಕನ ಮಗ ಕಲ್ಲು ತಂದು ಮುಂದಿನ ಚಕ್ರಗಳಿಗೆ ಕೊಟ್ಟ. ಆಮೇಲೆ ಕಲ್ಲು ಕೊಡದೆ, ಸ್ಟ್ಯಾಂಡ್ ಇಡದೆ ನಾನು ಜ್ಯಾಕ್ ಮುಟ್ಟಿಲ್ಲ.

ಒಳಗೆ ಕಂಡದ್ದು: ಮುಂದಿನ ಎಡ ಚಕ್ರದಲ್ಲಿ, ಬ್ರೇಕ್ ಶೂಗಳನ್ನು ಡ್ರಮ್ಮಿಗೆ ತಳ್ಳುವ ಸಿಲಿಂಡರಿನ ಒಂದು ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಹಿಂದಿನ ಬಲ ಚಕ್ರದಲ್ಲಿ ಹಬ್ಬಿನ ಆಯಿಲ್ ಸೀಲ್ ಸೋರಿ, ಡ್ರಮ್ಮಿಗೆ ತಿಕ್ಕುವ ಶೂ ಮೇಲಿನ ಲೈನರ್ ಎಣ್ಣೆ ಕುಡಿದು ಕಪ್ಪಾಗಿತ್ತು. ಅಂಥ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಬೆಂಕಿ ಹಚ್ಚಿ ಒಣಗಿಸಿ ಮತ್ತೆ ಹಾಕುವವರಿದ್ದಾರೆ. ಬಿಸಿಯಾದರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ, ಎಸೆದುಬಿಟ್ಟೆ. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಗಾಳಿಯಿಂದ ಊದಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿದೆ. ಹೊಸ ಲೈನರಿಗೆ ರಿವಿಟ್ ಹೊಡೆಯುವಾಗ ನಡುವಿನಿಂದ ಶುರುಮಾಡಿ ತುದಿಗೆ ಹೋಗಬೇಕು. ತುದಿಯಿಂದ ಹೊಡೆದರೆ ನಡುವೆ ಉಬ್ಬು ಉಳಿಯುತ್ತದೆ. ಸಿಲಿಂಡರುಗಳಿಗೆ ಲೇತ್ ಮೇಲೆ ಹಿತ್ತಾಳೆಯ ಸ್ಲೀವ್ ಕೂರಿಸಿ ಹೊಸ ರಬ್ಬರ್ ವಾಷರ್ ಹಾಕಿದೆ.

ಇಷ್ಟಾದ ಮೇಲೆ ಸುಧಾರಣೆಯ ಮಾತು. ಮೊದಲು ಪಂಪ್ ಇರುವ ಆಲ್ಟರ್ನೇಟರ್. ಎರಡನೆಯದು, ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್. ಹಳೆಯದಕ್ಕೆ ಒಂದೇ ಲೈನು, ಎಲ್ಲಿ ಒಡೆದರೂ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಮುಂದಿನದಕ್ಕೂ ಹಿಂದಿನದಕ್ಕೂ ಬೇರೆ ಬೇರೆ ಲೈನಿರುವ ಟ್ಯಾಂಡಮ್ ಸಿಲಿಂಡರ್ ಬೇಕಿತ್ತು. ಅದರ ಬೋರ್, ಅಂದರೆ ಒಳವ್ಯಾಸ, ಹಳೆಯದರಷ್ಟೇ ಇರಲಿ ಎಂದು ವರ್ನಿಯರ್ ಹಿಡಿದು ಅಳೆದೆ. ದೊಡ್ಡದು ಹಾಕಿದರೆ ಒಳ್ಳೆಯದು ಎಂಬುದು ತಪ್ಪು ಲೆಕ್ಕ. 22 ಮಿಲಿಮೀಟರಿನ ಬದಲು 25 ಹಾಕಿದರೆ ಅಷ್ಟೇ ಕಾಲಿನ ಬಲಕ್ಕೆ ಒತ್ತಡ ಹತ್ತಿರ ಹತ್ತಿರ ಕಾಲುಭಾಗ ಇಳಿಯುತ್ತದೆ. ಪೈಪಿಗೆ ತಾಮ್ರ ಸಾಕು ಎಂದವನ ಮಾತು ಕೇಳಲಿಲ್ಲ. ತಾಮ್ರ ಅದುರಿ ಅದುರಿ ಗಡುಸಾಗಿ ಬಿರಿಯುತ್ತದೆ. ಬಂಡಿ (Bundy) ಎಂಬ ಹೆಸರಿನ ಉಕ್ಕಿನ ಪೈಪ್ ತಂದು, ತುದಿಗಳನ್ನು ಅಗಲಿಸಿ ಒಳಕ್ಕೆ ಮಡಿಸಿ ಡಬಲ್ ಫ್ಲೇರ್ ಮಾಡಿದೆ.

ಎಲ್ಲ ಜೋಡಿಸಿ, ದೂರದ ಹಿಂದಿನ ಎಡ ಚಕ್ರದಿಂದ ಆರಂಭಿಸಿ ಪೈಪುಗಳಲ್ಲಿ ಸಿಕ್ಕಿಕೊಂಡ ಏರ್ ತೆಗೆದೆವು. ಅಳಿಯ ಪೆಡಲ್ ಮೇಲೆ, ನಾನು ಗಾಡಿಯ ಕೆಳಗೆ. "ಮಾವ, ಹಿಡಿದಿದ್ದೇನೆ" ಎಂದಾಗ ಏರ್ ಹೊರಬಿಡುವ ನಿಪ್ಪಲ್ ಸಡಿಲಿಸುವುದು, ಬಿಗಿದ ಮೇಲೆಯೇ ಅವನು ಕಾಲು ತೆಗೆಯುವುದು. ಸಂಜೆ ಪೆಡಲ್ ಕಲ್ಲಿನಂತಿತ್ತು. ಬೆಳಿಗ್ಗೆ ಮೊದಲ ಸಲ ಒತ್ತಿದರೆ ಅರ್ಧ ಒಳಗೆ ಹೋಯಿತು, ಎರಡನೇ ಸಲ ಸರಿ. ಮತ್ತೆ ಏರ್ ತೆಗೆದೆವು. ಮತ್ತೆ ಅದೇ. ಮೂರು ದಿನ ಹೀಗೇ ಕಳೆಯಿತು. ಎಲ್ಲೂ ಒಂದು ಹನಿ ಸೋರಿಕೆಯಿಲ್ಲ.

ನಾನಾ ಪೇಟೆಯಲ್ಲಿ ಬಿಡಿಭಾಗ ಮಾರುವ, ಸೊಲ್ಲಾಪುರ ಕಡೆಯ ಒಬ್ಬ ಹಿರಿಯರಿಗೆ ಮಾಸ್ಟರ್ ಸಿಲಿಂಡರ್ ಬಿಚ್ಚಿಕೊಂಡು ಹೋಗಿ ತೋರಿಸಿದೆ. ಅವರು ಏನೂ ಕೇಳದೆ ಒಂದು ತೆಳ್ಳನೆಯ ತಂತಿಯನ್ನು ಪೈಪ್ ಹೊರಡುವ ಎರಡೂ ತೂತುಗಳಿಗೆ ಹಾಕಿ ನೋಡಿದರು. ಒಂದರಲ್ಲಿ ಸ್ವಲ್ಪ ಒಳಗೆ ಹೋಗಿ ತಡೆಯಿತು, ಇನ್ನೊಂದರಲ್ಲಿ ಸಲೀಸಾಗಿ ಆಳಕ್ಕಿಳಿಯಿತು.

"ತಮ್ಮಾ, ಇದು ಮುಂದೆ ಡಿಸ್ಕ್ ಇರುವ ಗಾಡಿಯದು. ನಿನ್ನದು ನಾಲ್ಕೂ ಡ್ರಮ್ ಅಲ್ಲವೇ?"

"ಹೌದು ಕಾಕಾ."

ಡ್ರಮ್ ಬ್ರೇಕಿನ ಲೈನಿನಲ್ಲಿ ಕಾಲು ತೆಗೆದ ಮೇಲೂ ಸ್ವಲ್ಪ ಒತ್ತಡ ಉಳಿಯಬೇಕು. ಅದಕ್ಕೆಂದೇ ತೂತಿನೊಳಗೆ ಸ್ಪ್ರಿಂಗಿನ ಒಂದು ಚಿಕ್ಕ ವಾಲ್ವ್ ಇರುತ್ತದೆ. ಆ ಒತ್ತಡವೇ ಚಕ್ರದ ಸಿಲಿಂಡರಿನ ರಬ್ಬರ್ ವಾಷರಿನ ಅಂಚನ್ನು ಗೋಡೆಗೆ ಒತ್ತಿ ಹಿಡಿದು ಗಾಳಿ ನುಸುಳದಂತೆ ನೋಡಿಕೊಳ್ಳುವುದು. ಡಿಸ್ಕಿನ ಲೈನಿಗೆ ಅದನ್ನು ಇಡುವುದಿಲ್ಲ, ಇಟ್ಟರೆ ಪ್ಯಾಡ್ ತಿಕ್ಕುತ್ತಲೇ ಇರುತ್ತದೆ. ಬೋರ್ ಅಳೆದವನು ನಾನು, ಇದನ್ನು ನೋಡಲೇ ಇಲ್ಲ. ಕಾಕಾ ಎರಡೂ ಕಡೆ ವಾಲ್ವ್ ಇರುವ ಸಿಲಿಂಡರ್ ಹುಡುಕಿಕೊಟ್ಟು, ಹಳೆಯದನ್ನು ಅರ್ಧ ಬೆಲೆಗೆ ಇಟ್ಟುಕೊಂಡರು. ಮರುದಿನ ಬೆಳಿಗ್ಗೆ ಮೊದಲ ಒತ್ತಿಗೇ ಪೆಡಲ್ ಮೇಲೆಯೇ ನಿಂತಿತು.

ಬೂಸ್ಟರ್ ಪರೀಕ್ಷೆ ಸುಲಭ. ಎಂಜಿನ್ ಆರಿಸಿ ನಾಲ್ಕೈದು ಸಲ ಪೆಡಲ್ ಒತ್ತಿ, ಕಾಲು ಅಲ್ಲೇ ಇಟ್ಟು ಎಂಜಿನ್ ಶುರುಮಾಡಿ. ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿದರೆ ಅದು ಜೀವಂತ. ಈಗ ವಾರಕ್ಕೊಮ್ಮೆ ನೋಡುತ್ತೇನೆ. ಬ್ರೇಕ್ ಆಯಿಲನ್ನು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಪೂರ್ತಿ ಬದಲಿಸುತ್ತೇನೆ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲಿನ ಕುದಿಬಿಂದು ಹೊಸದರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು, ತೇವ ಹೀರಿದ ಮೇಲಿನ ಕನಿಷ್ಠ ಮಿತಿ 140 ಮಾತ್ರ. ಘಾಟ್ ಇಳಿಯುವ ಡ್ರಮ್ಮಿನ ಶಾಖಕ್ಕೆ ಅದು ಕುದಿದು ಆವಿಯಾದರೆ ಪೆಡಲಿನ ಕೆಳಗೆ ಏನೂ ಉಳಿಯುವುದಿಲ್ಲ. ನಾನು ಹಳೆಯದರಿಂದ ತೆಗೆದ ಆಯಿಲ್ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕಿತ್ತು. ಶೂ ಅಡ್ಜಸ್ಟ್ ಮಾಡುವಾಗ ಚಕ್ರ ತಡೆಯುವವರೆಗೂ ಬಿಗಿದು, ಕೈಯಿಂದ ಸಲೀಸಾಗಿ ತಿರುಗುವಷ್ಟು ಸಡಿಲಿಸುತ್ತೇನೆ.

ಕಳೆದ ತಿಂಗಳು ಅದೇ ಮಣ್ಣು ಹೇರಿಕೊಂಡು ಅದೇ ಘಾಟ್ ಇಳಿದೆ, ಸೀಟಿನ ಮೇಲೆ ಕುಳಿತೇ. ಮಳೆಯಲ್ಲಿ ನಿಂತ ಗಾಡಿಯನ್ನು ಬೆಳಿಗ್ಗೆ ತೆಗೆದಾಗ ಮೊದಲ ಒಂದೆರಡು ಬ್ರೇಕಿಗೆ ಎಡಕ್ಕೆ ಎಳೆಯುವುದು ಇನ್ನೂ ಹೋಗಿಲ್ಲ. ಮುಂದಿನ ಬಲ ಡ್ರಮ್ಮಿಗೆ ಎಲ್ಲಿಂದಲೋ ನೀರು ಇಳಿಯುತ್ತಿದೆ. ಬರುವ ಭಾನುವಾರ ಅದನ್ನು ಬಿಚ್ಚಬೇಕು, ಅಳಿಯನಿಗೆ ಹೇಳಿಟ್ಟಿದ್ದೇನೆ.